ದೊರೆಯ ಪಾಲಿನ ಕಜ್ಜಿ

ಕೆಂಗಲ್ಲುಕೋಟೆಯ ದೊರೆ ಮುದ್ದರಸನಿಗೆ ಎಲ್ಲದರಲ್ಲೂ ತಾನೇ ಮೊದಲಾಗಬೇಕೆನ್ನುವ ಚಪಲ. ಮೊದಲ ಮಾವು ಅವನಿಗೆ, ಮೊದಲ ಜೇನು ಅವನಿಗೆ. ಊರಿನ ಯಾರ ಮನೆಯಲ್ಲಿ ಹೋಳಿಗೆ ಬೆಂದರೂ ಮೊದಲನೆಯದು ಬಿಸಿ ಆರುವ ಮುಂಚೆ ಅರಮನೆಗೆ ಓಡಬೇಕು. ಇಂಥವನ ಕಣ್ಣು ಔಷಧದ ಮೇಲೂ ಬೀಳದೆ ಇರುತ್ತದೆಯೇ?

ಅರಮನೆಯ ವೈದ್ಯ ಈರಣ್ಣಯ್ಯ ಒಂದು ದಿನ ಲೇಹ್ಯ ಕಾಯಿಸುತ್ತಿದ್ದ. ಕುಂಬಾರ ಮಾರಯ್ಯನ ಹೆಂಡತಿ ಸಂಕವ್ವ ಉಬ್ಬಸದಿಂದ ಉಸಿರೆಳೆಯಲಾರದೆ ಒದ್ದಾಡುತ್ತಿದ್ದಳು, ಲೇಹ್ಯ ಅವಳಿಗೆ. ಆಡುಸೋಗೆ, ಹಿಪ್ಪಲಿಗಳ ಜೊತೆಗೆ ಜೇನು, ತುಪ್ಪ, ಒಣದ್ರಾಕ್ಷಿಯೂ ಬಿದ್ದಿದ್ದವು. ಪರಿಮಳ ಸೀದಾ ಸಿಂಹಾಸನದವರೆಗೆ ಹೋಯಿತು.

"ಅದೇನದು? ಮೊದಲ ಪಾಲು ನನಗೆ ಬಂದಿಲ್ಲವಲ್ಲ!" ಅಂದ ದೊರೆ.

"ಅದು ಉಬ್ಬಸದ ಔಷಧ, ಪ್ರಭು. ತಮಗೆ ಉಬ್ಬಸ ಇಲ್ಲ," ಅಂದ ವೈದ್ಯ.

"ಇಲ್ಲದಿದ್ದರೇನು? ಕಾನೂನು ಏನು ಹೇಳುತ್ತದೆ?"

ಮಂತ್ರಿ ನಾಗರಸಯ್ಯ ಎದ್ದು ನಿಂತ. "ಮೊದಲ ಪಾಲು ಅರಮನೆಯದು. ತಮ್ಮ ತಾತನವರ ಕಾಲದ ರೂಢಿ, ಪ್ರಭು."

ಧರ್ಮಾಧಿಕಾರಿ ಶೇಷಾಚಾರ್ಯರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಶಾಸ್ತ್ರವೂ ಅದನ್ನೇ ಹೇಳುತ್ತದೆ. ದೊರೆ ಮುಟ್ಟದ್ದನ್ನು ಪ್ರಜೆ ಮುಟ್ಟಬಾರದು." ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಪಾಪ, ಅವರಿಗೂ ತೊಂದರೆಯಾಗುತ್ತಿತ್ತು.

"ರೂಢಿ ಆಯಿತು, ಶಾಸ್ತ್ರ ಆಯಿತು. ಉಳಿದದ್ದು ನನ್ನ ಅಪ್ಪಣೆ. ಅದನ್ನೂ ಕೊಟ್ಟಿದ್ದೇನೆ!"

ವೈದ್ಯ ಕೈಮುಗಿದ. "ಯಾರ ಉಸಿರು ಕಟ್ಟಿದೆಯೋ ಅವರಿಗೆ ಮೊದಲು ಕೊಡು ಅಂತ ನನ್ನ ಗುರುಗಳು ಹೇಳಿದ್ದರು, ಪ್ರಭು."

"ನಿನ್ನ ಗುರು ಯಾವ ಸಿಂಹಾಸನದ ಮೇಲೆ ಕೂತಿದ್ದ?"

"ಚಾಪೆಯ ಮೇಲೆ, ಪ್ರಭು."

"ಹಾಗಾದರೆ ಅವನ ಮಾತು ಚಾಪೆಯ ಅಂಚಿನವರೆಗೆ ನಡೆಯಲಿ. ಲೇಹ್ಯ ತಾ ಇಲ್ಲಿ!"

ದೊರೆ ಒಂದು ಹಿಡಿ ತಿಂದ. ಆಮೇಲೆ ಮಂತ್ರಿ, ಆಮೇಲೆ ಧರ್ಮಾಧಿಕಾರಿ, ಸೇನಾಪತಿ, ಛತ್ರಿ ಹಿಡಿಯುವವನು, ಪೀಕದಾನಿ ಹಿಡಿಯುವವನು. ಎಲ್ಲವೂ ಪಟ್ಟದ ಕ್ರಮದಲ್ಲೇ. ಬಾಗಿಲು ಕಾಯುವವನ ಪಾಲಿಗೆ ಸೌಟು ಸಿಕ್ಕಿತು, ನೆಕ್ಕಿ ಕೊಟ್ಟ. ಹೊರಗೆ ಕುಡಿಕೆ ಹಿಡಿದು ನಿಂತಿದ್ದ ಮಾರಯ್ಯನಿಗೆ ಸಿಕ್ಕಿದ್ದು ವಾಸನೆ ಮಾತ್ರ.

ಆಸ್ಥಾನದ ಕಡೆಯ ಕಂಬಕ್ಕೆ ಒರಗಿ ಕೂರುವ ಕೋನಪ್ಪ ಇದನ್ನೆಲ್ಲ ನೋಡುತ್ತಿದ್ದ. ದೊರೆಯನ್ನು ನಗಿಸುವುದು ಅವನ ಕೆಲಸ. ಅಂದು ಅವನಿಗೇ ನಗು ಬರಲಿಲ್ಲ.

"ಇನ್ನೊಂದು ಸಲ ಕಾಯಿಸಿ, ಈರಣ್ಣಯ್ಯನವರೇ," ಎಂದು ವೈದ್ಯನ ಕಿವಿಯಲ್ಲಿ ಹೇಳಿ, ದೊರೆಯ ಮುಂದೆ ಹೋಗಿ ಬಗ್ಗಿ ನಿಂತ. "ಎಂಥ ಕಾನೂನು, ಪ್ರಭು! ಒಂದೇ ಒಂದು ತೂತು ಉಳಿದಿದೆ. ನಾಳೆ ಯಾವನಾದರೂ ತರಲೆ, ಕಾನೂನು ತಿನ್ನುವ ವಸ್ತುವಿಗೆ ಮಾತ್ರ ಅಂದುಬಿಟ್ಟರೆ?"

"ಅಂದುಬಿಡುತ್ತಾನಾ! ಡಂಗುರ ಹೊಡೆಸಿ. ಕೋಟೆಯೊಳಗೆ ಬಂದದ್ದು ಏನೇ ಇರಲಿ, ಮೊದಲ ಪಾಲು ನನ್ನದು. ತಪ್ಪಿದವರಿಗೆ ಛಡಿ ಏಟು!"

ಆಗಲೇ ಕಂಬಳಿ ಮಾರುವವರ ಜೊತೆಗೆ ಊರಿಗೆ ಕಜ್ಜಿ ಬಂದಿತ್ತು. ದೊರೆಗೆ ಗೊತ್ತಿರಲಿಲ್ಲ, ಕೋನಪ್ಪನಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅರ್ಧ ಊರು ಕೆರೆದುಕೊಳ್ಳುತ್ತಾ ಆಸ್ಥಾನಕ್ಕೆ ನುಗ್ಗಿತು. ಮುಂದೆ ಕೋನಪ್ಪ.

"ಅಪರಾಧಿಗಳನ್ನು ತಂದಿದ್ದೇನೆ, ಪ್ರಭು. ಕೋಟೆಯೊಳಗೆ ಕಜ್ಜಿ ಬಂದಿದೆ. ಇವರು ತಮಗೆ ಮೊದಲ ಪಾಲು ಒಪ್ಪಿಸದೆ ತಾವೇ ಹಚ್ಚಿಕೊಂಡಿದ್ದಾರೆ."

ಹೂ ಮಾರುವ ಪುಟ್ಟವ್ವ ಸೀದಾ ಹೋಗಿ ದೊರೆಯ ಶಾಲಿನ ಅಂಚು ಹಿಡಿದಳು. "ತಪ್ಪಾಗೋಯ್ತು ಬುದ್ಧಿ. ನಿಮಗ್ ಕೊಡೋಕ್ ಮುಂಚೇನೇ ಕೆರ್ಕೊಂಬುಟ್ವು. ಒಂದ್ಸಲ ತಬ್ಕೊಂಬುಡಿ, ನಿಮ್ ಪಾಲು ನಿಮಗ್ ಸೇರೋಗ್ಲಿ."

ದೊರೆ ಶಾಲು ಕಿತ್ತುಕೊಂಡು ಸಿಂಹಾಸನದ ಮೇಲೆ ಹತ್ತಿ ನಿಂತ. "ನನಗೆ ಬೇಡ! ಮಂತ್ರಿಗೆ ಕೊಡಿ!"

"ಕ್ರಮ ತಪ್ಪಬಾರದು, ಪ್ರಭು," ಎಂದು ಮಂತ್ರಿ ಹಿಂದೆ ಸರಿದ. "ಮೊದಲು ತಾವು."

"ನನ್ನ ಅಪ್ಪಣೆ ವಾಪಸ್ಸು!"

"ಅಪ್ಪಣೆ ತಮ್ಮದು, ವಾಪಸ್ಸು ತೆಗೆದುಕೊಳ್ಳಬಹುದು. ರೂಢಿ ತಾತನವರದು, ಅವರನ್ನೇ ಕೇಳಬೇಕು."

"ಅವರು ತೀರಿಹೋಗಿದ್ದಾರಲ್ಲಯ್ಯಾ! ಆಚಾರ್ಯರೇ, ತಾವಾದರೂ ಶಾಸ್ತ್ರ ತಿದ್ದಿ!"

"ತಿದ್ದಬಾರದೆಂದೇ ಶಾಸ್ತ್ರದಲ್ಲಿದೆ," ಅಂದರು ಧರ್ಮಾಧಿಕಾರಿಗಳು. ದೊರೆ ತಪ್ಪಿಸಿಕೊಂಡರೆ ಮಂತ್ರಿಯ ನಂತರದ ಪಾಳಿ ಅವರದೇ.

ಪುಟ್ಟವ್ವ ತೋಳು ಚಾಚಿ ಇನ್ನೊಂದು ಮೆಟ್ಟಿಲು ಹತ್ತಿದಳು.

"ಕೋನಪ್ಪಾ! ಏನಾದರೂ ಮಾಡೋ!"

"ನಿನ್ನೆ ತಾವು ತಳ್ಳಿಹಾಕಿದ ಮಾತೊಂದಿದೆ, ಪ್ರಭು. ವೈದ್ಯರ ಗುರುಗಳದು. ಯಾರ ಉಸಿರು ಕಟ್ಟಿದೆಯೋ ಅವರು ಮೊದಲು. ಗಟ್ಟಿಮುಟ್ಟಾಗಿರುವವರು ಹಿಂದೆ. ಅದನ್ನು ಒಪ್ಪಿದರೆ ತಾವು ಸಾಲಿನ ಕಟ್ಟಕಡೆಗೆ ಹೋಗುತ್ತೀರಿ. ಕಜ್ಜಿ ಅಲ್ಲಿಗೆ ಬರುವ ಹೊತ್ತಿಗೆ ವೈದ್ಯರು ಎಲ್ಲರಿಗೂ ಮುಲಾಮು ಹಚ್ಚಿ ಮುಗಿಸಿರುತ್ತಾರೆ."

"ಚಾಪೆಯ ಮಾತು ಸಿಂಹಾಸನಕ್ಕಿಂತ ಮೇಲಾಗುತ್ತದಲ್ಲೋ?"

"ಹಾಗಾದರೆ ಬೇಡ ಬಿಡಿ. ಪುಟ್ಟವ್ವಾ, ಬಾ."

"ಮೇಲು, ಮೇಲು! ಚಾಪೆಯೇ ಮೇಲು!" ಎಂದು ದೊರೆ ಕೂಗಿದ. "ಬರೆದುಕೊಳ್ಳಿ, ಡಂಗುರ ಹೊಡೆಸಿ!"

ಈರಣ್ಣಯ್ಯ ಅಷ್ಟಕ್ಕೇ ಕಾಯುತ್ತಿದ್ದ. ಹೊಸ ಲೇಹ್ಯದ ಪಾತ್ರೆ ಎತ್ತಿಕೊಂಡು ಸೀದಾ ಕುಂಬಾರರ ಕೇರಿಗೆ ಓಡಿದ. ದಾರಿಯಲ್ಲಿ ಪೀಕದಾನಿಯವನು ಕೈ ಚಾಚಿದ್ದನ್ನು ನೋಡಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸಂಕವ್ವನ ಉಸಿರು ಸರಾಗವಾಯಿತು. ಮೊದಲು ಆಡಿದ ಮಾತಿನಲ್ಲೇ ಗಂಡನನ್ನು ಬೈದಳಂತೆ. ಮಾರಯ್ಯ ಅದನ್ನು ಆಸ್ಥಾನಕ್ಕೆ ಬಂದು ಅಳುತ್ತಾ ನಗುತ್ತಾ ಹೇಳಿದ.

ಊರವರು ಮುಲಾಮಿಗೆಂದು ವೈದ್ಯನ ಮನೆಗೆ ಹೋಗಿದ್ದರು. ದೊರೆ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ. "ನಾನು ಕಟ್ಟಕಡೆಯವನೇ, ಕೋನಪ್ಪಾ? ನಾನು?"

"ಎಲ್ಲದರಲ್ಲೂ ತಾವೇ ಮೊದಲು, ಪ್ರಭು. ವೈದ್ಯರ ಮನೆ ಬಾಗಿಲಲ್ಲಿ ಮಾತ್ರ ತಾವು ಯಾವಾಗಲೂ ಕಡೆಯವರಾಗಿರಲಿ ಅಂತ ಊರೆಲ್ಲ ಹಾರೈಸುತ್ತದೆ."

ದೊರೆ ಸ್ವಲ್ಪ ಹೊತ್ತು ಯೋಚಿಸಿದ. ಅರ್ಥವಾದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಲೇ! ತಗೋ ಇನಾಮು," ಎಂದು ಹೆಗಲ ಮೇಲಿನ ಶಾಲು ತೆಗೆದು ಚಾಚಿದ. ಚಾಚಿದ ಕೈಯ ಮೊಣಕೈಯನ್ನು ಇನ್ನೊಂದು ಕೈಯಿಂದ ಪರಪರ ಕೆರೆದುಕೊಂಡ.

ಪುಟ್ಟವ್ವ ಹಿಡಿದಿದ್ದ ಶಾಲಿನ ಅಂಚನ್ನು ಕೋನಪ್ಪ ನೋಡಿದ. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಕೈಮುಗಿದ.

"ಬೇಡ ಪ್ರಭು. ಇದರಲ್ಲಿ ಮೊದಲ ಪಾಲು ತಮ್ಮದೇ ಇರಲಿ."