ಸಾಮ್ರಾಣಿ ವಾಸನೆಯ ಅರಮನೆ

“ಕೇಳ್ರಪ್ಪೋ ಕೇಳಿ! ಹೊಂಗೆಪುರದ ಮಹಾಸ್ವಾಮಿಗಳ ಅಪ್ಪಣೆ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರು ಪರದೆಯ ಹಿಂದಿನಿಂದ ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿ, ಅರ್ಧ ರಾಜ್ಯ! ಒಂದು ತಪ್ಪಿದರೂ ತಲೆದಂಡ!”

ಡಂಗುರದವನು ಹೀಗೆ ಸಾರುತ್ತಾ ಬಂದಾಗ ಮಂಚ ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಕುದಿಯುವ ಕಬ್ಬಿನ ಹಾಲಿನ ನೊರೆ ತೆಗೆಯುತ್ತಿದ್ದ. ಒಗಟು ತಪ್ಪಿದರೆ ತಲೆ ತೆಗೆಯುವುದು ಎಲ್ಲಿಯ ನ್ಯಾಯ ಎಂದು ನೀವು ಕೇಳಬಹುದು. ಆಗ ಹಾಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಏಳು ತಲೆ ಆಗಲೇ ಉರುಳಿದ್ದವು.

ಮಂಚನಿಗೆ ರಾಜ್ಯದ ಆಸೆ ಇರಲಿಲ್ಲ. ಆದರೆ ಕಬ್ಬಿನ ಹಾಲು ಕುಡಿಯಲು ಕೂತ ಡಂಗುರದವನು ಇನ್ನೊಂದು ಮಾತು ಹೇಳಿದ. ಐದು ವರ್ಷದ ಹಿಂದೆ ಅರಮನೆಗೆ ಬೆಂಕಿ ಬಿದ್ದಾಗ ರಾಜಕುಮಾರಿ ಸುಟ್ಟುಕೊಂಡಳಂತೆ. ಗಾಯ ಮಾಯಿತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಬಿಚ್ಚಲೇ ಇಲ್ಲವಂತೆ. ಪಾಕ ಸಿಡಿದು ಮುದುಡಿದ ಎಷ್ಟೋ ಕೈಗಳನ್ನು ನೀವಿ ಬಿಡಿಸಿದವನು ಮಂಚ. “ಕೈ ನೋಡ್ಕೊಂಡ್ ಬತ್ತೀನಿ” ಎಂದು ಹರಳೆಣ್ಣೆಯ ಕುಡಿಕೆ ಹಿಡಿದು ಹೊರಟೇಬಿಟ್ಟ.

ಅರಮನೆ ಸೇರಿದಾಗ ನಡುಮಧ್ಯಾಹ್ನ. ಬಾಗಿಲಲ್ಲೇ ಸಾಮ್ರಾಣಿಯ ವಾಸನೆ ಬಡಿಯಿತು.

“ಪೂಜೆನಾ?” ಎಂದ ಮಂಚ.

ಕಾವಲಿನವನು ಮೂಗು ಮುಚ್ಚಿಕೊಂಡ. “ಇಲ್ಲಿ ಸಾಮ್ರಾಣಿ ಮುಟ್ಟಿ ಐದ್ ವರ್ಷ ಆಯ್ತು ಕಣಪ್ಪಾ. ದಾದಿ ತಿಮ್ಮಾಜಿ, ನಮ್ಮ ರಾಜಕುಮಾರಿ ಅಮ್ಮಣ್ಣಿಯವರ ಒದ್ದೆ ಕೂದಲಿಗೆ ಹೊಗೆ ಹಿಡಿದಿದ್ಲು. ಕೆಂಡ ಹಾರಿ ಪರದೆಗೆ ಹತ್ಕೊಂತು. ಆವತ್ತಿಂದ ಈ ಹೊತ್ತಿಗೆ ಸರಿಯಾಗಿ ವಾಸನೆ ಬತ್ತದೆ. ಬೇಡ, ವಾಪಸ್ ಹೋಗು.”

ಮಂಚನಿಗೂ ಭಯವಾಯಿತು. ಆದರೂ ಒಳಗೆ ಹೋದ.

ಪರದೆಯ ಮುಂದೆ ಒಬ್ಬ ರಾಜಕುಮಾರ, ಒಬ್ಬ ವೈದ್ಯ, ಅವರ ಹಿಂದೆ ಮಂಚ. ಪಕ್ಕದ ಸಿಂಹಾಸನದಲ್ಲಿ ಅರಸರು. ಪರದೆಗೆ ಎದುರಾಗಿ, ಇವರ ಬೆನ್ನ ಹಿಂದೆ, ಸುಟ್ಟು ಕಪ್ಪಾದ ಹಜಾರದ ಬಾಗಿಲು, ಅದನ್ನು ಯಾರೂ ಮುಚ್ಚಿರಲಿಲ್ಲ.

“ಬೆಂಕಿ ಆರಿದ ಮೇಲೂ ಉರಿಯುತ್ತಲೇ ಇರುವುದು ಯಾವುದು? ಅದನ್ನು ಆರಿಸುವುದು ಹೇಗೆ?” ಎಂದಿತು ಪರದೆಯ ಹಿಂದಿನ ದನಿ.

“ಹೊಟ್ಟೆಕಿಚ್ಚು! ದಾನದಿಂದ ಆರಿಸಬೇಕು” ಎಂದ ರಾಜಕುಮಾರ. ಭಟರು ರಟ್ಟೆ ಹಿಡಿದು ಎಳೆದೊಯ್ದರು.

“ಸುಟ್ಟ ಮೈ” ಎಂದು ವೈದ್ಯ ಗಂಟಲು ಸರಿಮಾಡಿಕೊಂಡ. “ಬೆಣ್ಣೆ ಹಚ್ಚಿ ಆರಿಸಬೇಕು.”

“ಅರ್ಧ ಸರಿ. ಅರ್ಧ ತಪ್ಪು” ಎಂದಿತು ದನಿ. ಅವನನ್ನೂ ಎಳೆದೊಯ್ದರು. ಪಾಪ, ಬೆಣ್ಣೆಯಿಂದ ತಲೆ ಜಾರುವುದರಲ್ಲಿತ್ತು.

ಮಂಚ ಮುಂದೆ ಬಂದ. “ಸುಟ್ಟ ಮೈಯೇ ಅಮ್ಮಣ್ಣಿ. ಬೆಂಕಿ ಆರಿದ್ರೂ ಬಿಸಿ ಒಳಕ್ಕೆ ಇಳೀತಾನೇ ಇರ್ತದೆ. ಬೆಣ್ಣೆ ಹಚ್ಚಿದ್ರೆ ಆ ಬಿಸಿಗೆ ಮುಚ್ಚಳ ಹಾಕ್ದಂಗೆ. ತಣ್ಣೀರು ಹೊಯ್ಬೇಕು. ಒಂದು ಚೊಂಬಲ್ಲ, ಕೈ ಸೋತು ಹೋಗೋವಷ್ಟು ಹೊತ್ತು.”

“ಸರಿ” ಎಂದ ದನಿ ಎರಡನೆಯದನ್ನು ಕೇಳಿತು. “ಉರಿದ ಮನೆಯಿಂದ ಇಬ್ಬರು ಹೊರಬಂದರು. ಒಬ್ಬಳು ಚೀರುತ್ತಿದ್ದಾಳೆ. ಇನ್ನೊಬ್ಬಳು ಸುಮ್ಮನೆ ಕೂತಿದ್ದಾಳೆ. ಮೊದಲು ಯಾರ ಬಳಿ ಓಡಬೇಕು?”

ಮಂಚ ಕೈಯಲ್ಲಿದ್ದ ಕುಡಿಕೆಯನ್ನು ನೆಲಕ್ಕಿಟ್ಟ. ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಇದು.

“ಸುಮ್ನೆ ಕೂತೋರ ಹತ್ರ” ಎಂದ. “ನಾನು ಓಡ್ಲಿಲ್ಲ ಅಮ್ಮಣ್ಣಿ. ಕೊಪ್ಪರಿಗೆ ಮಗುಚಿದಾಗ ಪಕ್ಕದೋನು ಕಿರುಚ್ಕೊಂಡ. ನಮ್ಮಣ್ಣ ಕಾಳ ‘ನಂಗೇನೂ ನೋವಿಲ್ಲ, ಅವನ್ನ ನೋಡ್ಲಾ’ ಅಂದ. ನಂಬಿಬಿಟ್ಟೆ. ಆಳವಾಗಿ ಸುಟ್ರೆ ನೋವು ತಿಳಿಯೋ ನರಾನೇ ಸುಟ್ಟೋಗ್ತದೆ. ಕೂಗೋ ಕಡೆ ಇನ್ನೂ ಜೀವ ಇರ್ತದೆ. ಮೂರನೇ ದಿನಕ್ಕೆ ಅಣ್ಣ ಹೋದ.”

ಪರದೆಯ ಹಿಂದೆ ರಾಜಕುಮಾರಿ ಬಿಕ್ಕಿದಳು. “ಚೀರಿದವಳು ನಾನು. ಎಲ್ಲರೂ ನನ್ನತ್ತ ಓಡಿ ಬಂದರು. ತಿಮ್ಮಾಜಿ ಆ ಬಾಗಿಲಲ್ಲಿ ಸುಮ್ಮನೆ ಕೂತಿದ್ದಳು, ಕೂತಲ್ಲೇ ಪ್ರಾಣ ಬಿಟ್ಟಳು. ಈಗಲೂ ಕೂತಿದ್ದಾಳೆ. ನೋಡು.”

ಮಂಚ ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಆದರೆ ವಾಸನೆ ಉಸಿರು ಕಟ್ಟುವಷ್ಟು ದಟ್ಟವಾಗಿತ್ತು.

“ಕೊನೆಯದು” ಎಂದಳು ಅವಳು. “ನನ್ನನ್ನು ಉಳಿಸಲು ಬಂದವನೇ ನನ್ನನ್ನು ಬಿಗಿದು ಕಟ್ಟಿದ. ಅವನು ಬಾರದಿದ್ದರೆ ಸಾಯುತ್ತಿದ್ದೆ. ಬಂದಿದ್ದರಿಂದ ಸೆರೆಯಾದೆ. ಯಾರವನು?”

ಅರಸರು ತಟ್ಟನೆ ತಲೆ ತಗ್ಗಿಸಿದರು. ಮಗಳನ್ನು ಬೆಂಕಿಯಿಂದ ಎತ್ತಿ ತಂದವರು ಅವರೇ. ಯಾರೂ ಅವಳ ಮುಖ ನೋಡಬಾರದೆಂದು ಪರದೆ ಕಟ್ಟಿಸಿದವರೂ, ತಲೆದಂಡ ಇಟ್ಟವರೂ ಅವರೇ. ‘ಮಹಾಸ್ವಾಮಿ’ ಎಂಬ ಉತ್ತರ ಮಂಚನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಪರದೆಯ ಅಂಚಿನಲ್ಲಿ ಮುಷ್ಟಿ ಕಟ್ಟಿದ ಕೈ ಕಂಡಿತು. ತಾನು ಬಂದದ್ದು ಅದಕ್ಕಾಗಿ ಎಂದು ನೆನಪಾಯಿತು.

“ಗಾಯದ ಕಲೆ ಅಮ್ಮಣ್ಣಿ” ಎಂದ. “ಗಾಯ ಮುಚ್ಚೋಕೆ ಬಂದ ಹೊಸ ಚರ್ಮ. ಅದು ಬರ್ದಿದ್ರೆ ಗಾಯ ಕೊಳೆತು ಜೀವ ಹೋಗೋದು. ಬಂದ್ಮೇಲೆ ಬಿಗೀತಾ ಬಿಗೀತಾ ಬೆರಳನ್ನ ಒಳಕ್ಕೆ ಎಳ್ಕೊಂತು. ಅದನ್ನ ಹಗೆ ಅನ್ಬೇಡಿ. ದಿನಾ ಎಣ್ಣೆ ಹಚ್ಚಿ ನೀವಿ, ಒಂದೊಂದು ಎಳೆಯಷ್ಟು ಬಿಡಿಸ್ಬೇಕು. ನೋವಾಗ್ತದೆ. ಪೂರ್ತಿ ಮೊದಲಿನಂಗೆ ಆಗ್ತದೆ ಅಂತ ಸುಳ್ಳು ಹೇಳಾಕಿಲ್ಲ.”

ಪರದೆ ಸರಿಯಿತು. ರಾಜಕುಮಾರಿ ಅರ್ಧ ಮುಖದ ಕಲೆಯನ್ನು ಮುಚ್ಚಿಕೊಳ್ಳದೆ ಬಂದು ನಿಂತಳು. “ಮೂರೂ ಸರಿ” ಎಂದಳು.

ಅರಸರು ಎದ್ದು ಬಂದು ಮಂಚನ ಹೆಗಲು ಹಿಡಿದರು. ಅವರ ಕಣ್ಣು ತುಂಬಿತ್ತು. “ಏನು ಬೇಕು ಕೇಳಪ್ಪಾ.”

“ಆ ಇಬ್ಬರನ್ನ ಬಿಟ್ಬಿಡಿ ಬುದ್ಧಿ. ಆ ಕರಿ ಹಜಾರ ಕೊಡಿ. ಸುಟ್ಟೋರು ಬಂದ್ರೆ ಮಲಗ್ಸೋಕೆ ಒಂದು ಜಾಗ ಆಗ್ತದೆ.”

ಡಂಗುರದ ಮಾತಿನಂತೆ ಅರ್ಧ ರಾಜ್ಯವನ್ನೂ ಬರೆದುಕೊಟ್ಟರು. ಮದುವೆ ಮಾತ್ರ ತಡವಾಯಿತು. ತನ್ನ ಕೈಯಿಂದಲೇ ಹಾರ ಹಾಕುತ್ತೇನೆ, ಅಲ್ಲಿಯವರೆಗೆ ಕಾದಿರು ಎಂದಳು ಹೊನ್ನಾಜಿ. ಮಂಚ ದಿನವೂ ಎಣ್ಣೆ ನೀವಿದ, ಅವಳು ದಿನವೂ ಹಲ್ಲು ಕಚ್ಚಿ ಅತ್ತಳು. ವರ್ಷ ಕಳೆದು ಒಂದು ಮಧ್ಯಾಹ್ನ ಬೆರಳುಗಳು ಚೊಂಬಿನ ಕಂಠ ಹಿಡಿಯುವಷ್ಟು ಬಿಚ್ಚಿದವು.

ಅವಳು ಹಾರ ಕೇಳಲಿಲ್ಲ. ಚೊಂಬಿನ ತುಂಬ ತಣ್ಣೀರು ತುಂಬಿಕೊಂಡು ಹಜಾರದ ಬಾಗಿಲಿಗೆ ಹೋದಳು. ತಿಮ್ಮಾಜಿ ಕೂತ ಹೊಸ್ತಿಲ ಮೇಲೆ ಹೊಯ್ದಳು, ಮತ್ತೆ ತುಂಬಿ ಹೊಯ್ದಳು, ಕೈ ಸೋತು ಹೋಗುವಷ್ಟು ಹೊತ್ತು. ಸಾಮ್ರಾಣಿಯ ವಾಸನೆ ನಿಧಾನಕ್ಕೆ ಅಡಗಿತು. ಆಮೇಲೆ ಅವಳು ಚೊಂಬನ್ನು ಮಂಚನ ಕೈಗಿಟ್ಟು, “ನಿಮ್ಮಣ್ಣನಿಗೂ ಹೊಯ್ಯಿ” ಎಂದಳು.