ಮುಂಗುಸಿ ಪೊಲೀಸಾದ ದಿನ

ಕಾಡಂಚಿನ ಬಯಲಲ್ಲಿ ಪ್ರಾಣಿಗಳೆಲ್ಲ ಸೇರಿ ದಿನವೂ ಕಳ್ಳ-ಪೊಲೀಸ್ ಆಟ ಆಡುತ್ತಿದ್ದವು. ಪೊಲೀಸಾದವರು ಕೊರಳಿಗೆ ಮುತ್ತುಗದ ಎಲೆ ಕಟ್ಟಿಕೊಳ್ಳಬೇಕು. ಕಳ್ಳ ತಲೆ ನೆಲಕ್ಕಿಟ್ಟು ಶರಣಾದರೆ ಹಲ್ಲು ತಾಕಿಸಬಾರದು. ತಪ್ಪೇನೆಂದು ಹೇಳಿ ಕರೆದೊಯ್ಯಬೇಕು. ಇದು ಹಿರಿಯ ಆಮೆ ಹಾಕಿಕೊಟ್ಟ ಕಟ್ಟಳೆ.

ಅಂದು ಎಲೆ ಮುಂಗುಸಿಯ ಪಾಲಿಗೆ ಬಂತು, ಕಳ್ಳನ ಪಾತ್ರ ನಾಗರಹಾವಿಗೆ. ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದ ಹಾವು ಹೆಡೆ ಮಡಿಸಿ ತಲೆಯನ್ನು ನೆಲಕ್ಕಿಟ್ಟಿತು.

"ಶರಣಾದೆ ಸಾಹೇಬರೇ. ನನ್ನ ತಪ್ಪೇನು, ಹೇಳಿಬಿಡಿ."

ಮುಂಗುಸಿ ಹಲ್ಲು ಕಡಿಯಿತು. ಹೋದ ಬೇಸಿಗೆಯಲ್ಲಿ ತನ್ನ ತಮ್ಮನನ್ನು ಕಚ್ಚಿ ಕೊಂದದ್ದು ಇದೇ ಹಾವು. ಇಷ್ಟು ಹತ್ತಿರಕ್ಕೆ ಈ ಕತ್ತು ಇನ್ಯಾವತ್ತು ಸಿಕ್ಕೀತು?

"ನಿನ್ನ ತಪ್ಪು ಆಟದ್ದಲ್ಲ ಕಣೋ. ನನ್ನ ತಮ್ಮನ ನೆನಪಿದೆಯಾ?"

"ಇದೆ. ಆದರೆ ನಾನು ತಲೆ ಬಾಗಿಸಿರೋದು ಎಲೆಗೆ, ನಿಮಗಲ್ಲ."

"ಹಾಗಾದರೆ ಎಲೆಯೇ ಬೇಡ!" ಮುಂಗುಸಿ ಅದನ್ನು ಕಿತ್ತು ಬಿಸಾಡಿತು.

ಎಲೆ ನೆಲ ಮುಟ್ಟುವಷ್ಟರಲ್ಲಿ ಹೆಡೆ ಮುಂಗುಸಿಯ ಮೂಗಿನ ಮುಂದೆ ಎದ್ದು ನಿಂತಿತ್ತು.

"ಈಗ ನಾನೂ ಕಳ್ಳನಲ್ಲ. ಬಾರೋ."

ಮುಂಗುಸಿಯ ಕಣ್ಣು ಹಾವಿನ ಹಲ್ಲಿನ ಮೇಲಿತ್ತು. ಹಿಂಗಾಲು ಮಾತ್ರ ಎಲೆಗಾಗಿ ತಡಕಾಡುತ್ತಿತ್ತು.