ಆಮೆಯ ಮದ್ದು

ಮರದಿಂದ ಬಿದ್ದ ಮೇಲೆ ಅಳಿಲು ಮರ ಹತ್ತುವುದನ್ನೇ ಬಿಟ್ಟಿತ್ತು. ನೆಲದ ಮೇಲೆ ನಾಯಿಗಳ ಕಾಟ, ಕೊಂಬೆ ಕಂಡರೆ ಬೀಳುವ ಭಯ. ಅಂಥ ಅಳಿಲು ಕೆರೆಯ ಆಮೆಯ ಬಳಿ ಕೆಲವು ಸಲ ಹೋಗಿಬಂದು, ಒಂದು ಬೆಳಿಗ್ಗೆ ತಾನಾಗಿಯೇ ಹುಣಸೆಮರ ಏರಿ ಕೂತಿತು. ಕಾಗೆಗೆ ಕುತೂಹಲ ತಡೆಯಲಾಗಲಿಲ್ಲ.

“ಆಮೆಯವರು ಯಾವ ಮದ್ದು ಕೊಟ್ಟರು?”

“ಏನೂ ಕೊಡಲಿಲ್ಲ. ‘ಆಮೇಲೆ ಏನಾಯಿತು?’ ಎಂದು ಕೇಳುತ್ತಿದ್ದರು, ಅಷ್ಟೇ.”

ಇಷ್ಟೇ ತಾನೆ ಎಂದುಕೊಂಡ ಕಾಗೆ ನೆಟ್ಟಗೆ ಮೊಲದ ಬಿಲಕ್ಕೆ ಹಾರಿತು. ಗಿಡುಗನ ಉಗುರಿನಿಂದ ತಪ್ಪಿಸಿಕೊಂಡು ಬಂದಾಗಿನಿಂದ ಮೊಲ ಮೇವಿಗೂ ಹೊರಬರುತ್ತಿರಲಿಲ್ಲ.

“ಗಿಡುಗ ಎರಗಿತಲ್ಲ, ಆಮೇಲೆ ಏನಾಯಿತು?” ಎಂದಿತು ಕಾಗೆ.

ಮೊಲ ಬಾಯಿ ತೆರೆಯಿತು. ಮಾತು ಬರುವುದು ತಡವಾಯಿತು.

“ಹೋಗಲಿ ಬಿಡು, ಜೀವ ಉಳಿಯಿತಲ್ಲ. ನಮ್ಮ ಅಜ್ಜನಿಗೂ ಹೀಗೇ ಆಗಿತ್ತು,” ಎಂದು ಕಾಗೆ ಅಜ್ಜನ ಕಥೆ ಶುರುಮಾಡಿತು. ಕಥೆ ಮುಗಿಯುವಷ್ಟರಲ್ಲಿ ಮೊಲ ಬಿಲದ ತಳ ಸೇರಿತ್ತು.

ಕಾಗೆ ಕೆರೆಗೆ ಬಂದು ದೂರಿತು. “ಆಮೆಯವರೇ, ನಿಮ್ಮ ಮಾತನ್ನೇ ಆಡಿದೆ. ಮೊಲ ಇನ್ನಷ್ಟು ಒಳಗೆ ಹೋಯಿತು.”

“ಅದಕ್ಕೆ ಮುಂಚೆ ಏನಾಯಿತು?” ಎಂದ ಆಮೆ ಕತ್ತು ಚಾಚಿ ಸುಮ್ಮನೆ ಕಾಯಿತು. ಅದರ ಮುಂದಿನ ಮಾತಿಗೆ ಕಾಗೆಯೂ ಕಾಯಿತು. ಮಾತು ಬರಲಿಲ್ಲ. ಕೊನೆಗೆ ಕಾಗೆಯೇ ಮೆಲ್ಲಗೆ ಹೇಳಿತು: “ಅದು ಬಾಯಿ ತೆರೆದಿತ್ತು. ನಾನು ಮುಚ್ಚಿಸಿಬಿಟ್ಟೆ.”



ಕಾಗೆ ಮತ್ತೆ ಬಿಲದ ಬಾಯಿಗೆ ಹೋಗಿ, ಕೊಕ್ಕು ಬಿಗಿಹಿಡಿದು ಕೂತಿತು. ಬಿಸಿಲು ಇಳಿಯುತ್ತಾ ಬಂದಾಗ ಒಳಗಿನಿಂದ ಸಣ್ಣ ದನಿಯೊಂದು ಕೇಳಿತು:

“ಆಮೇಲೆ ಏನಾಯಿತೆಂದರೆ…”